ಒಂಬತ್ತರ ಫ್ರಾಕು

ದಾರ ಕಾಣಿಸುತ್ತಿದೆ, ಮಗಳ ಫ್ರಾಕಿನ ಅಂಚಿನಲ್ಲಿ, ಎಡ ಮಂಡಿಯ ಹತ್ತಿರ, ಬಿಳಿ ದಾರ, ಒಂದೇ ಎಳೆ, ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಅಲುಗುತ್ತದೆ, ಆ ಕಡೆ ಹೋದಾಗ ಸುಮ್ಮನಾಗುತ್ತದೆ — ನೀಲಿ ಬಟ್ಟೆಗೆ ಬಿಳಿ ದಾರ ಹಾಕಿದ ದರ್ಜಿ ಯಾವಳಪ್ಪ ಎಂದು ಯಾರಾದರೂ ನಕ್ಕರೆ, ನಾನೇ, ಬೇಕೆಂದೇ ಹಾಕಿದ್ದು, ಬೆಳೆಯುವ ಮಕ್ಕಳ ಬಟ್ಟೆಗೆ ಒಳಗಡೆ ನಾಲ್ಕು ಬೆರಳು ಮಡಚಿಟ್ಟು ಕಚ್ಚಾ ಹೊಲಿಗೆ ಹಾಕುತ್ತೇನೆ, ಬಿಚ್ಚುವ ಕಾಲಕ್ಕೆ ಕಣ್ಣಿಗೆ ಬೀಳಲಿ ಎಂದು ಬೇರೆ ಬಣ್ಣದ ದಾರ, ಒಂದು ಸಲ ಎಳೆದರೆ ಸರ್ರನೆ ಬರಬೇಕು, ಗಿರಾಕಿಗಳಿಗೂ ಹೇಳುತ್ತೇನೆ, ಈ ವರ್ಷ ಮಂಡಿಗೆ ಬರುತ್ತೆ, ಮುಂದಿನ ವರ್ಷ ಬಿಚ್ಚಿಕೊಂಡ್ರೆ ಮತ್ತೆ ಮಂಡಿಗೇ ಬರುತ್ತೆ, ಒಂದೇ ದುಡ್ಡಿಗೆ ಎರಡು ಫ್ರಾಕು ಕಣ್ರೀ. ಊರವರ ಮಕ್ಕಳ ಮಡಿಕೆಗಳನ್ನೆಲ್ಲ ಬಿಚ್ಚಿಕೊಟ್ಟಿದ್ದೇನೆ. ಇವಳದು ಬಿಚ್ಚಿಲ್ಲ, ಬಿಚ್ಚುವ ಪ್ರಮೇಯವೇ ಬಂದಿಲ್ಲ, ಎರಡು ಹುಟ್ಟುಹಬ್ಬ ಕಳೆದರೂ ಅಂಚು ಮಂಡಿಯ ಮೇಲೆಯೇ ಕೂತಿದೆ, ಹೊಲಿದ ದಿನ ಕೂತ ಹಾಗೆಯೇ. ನಮಸ್ಕಾರ, ನಾನು ಒಂಬತ್ತು ವರ್ಷದ ಲೇಖಕಿ ಮತ್ತು ಉದ್ಯಮಿ, ಇದು ನಾನೇ ಬರೆದು ನಾನೇ ಪ್ರಕಟಿಸಿದ ಪುಸ್ತಕ, ನಿಮ್ಮ ಹೆಸರು ಹೇಳಿದ್ರೆ ಸಹಿ ಹಾಕಿ ಕೊಡ್ತೀನಿ — ಅವಳ ದನಿ, ಬೆಳಗಿನಿಂದ ಅದೇ ದನಿ, ಬರೆದು ಅನ್ನುವಲ್ಲಿ ಕೈ ಎದೆಗೆ, ಸಹಿ ಅನ್ನುವಲ್ಲಿ ತಲೆ ಎಡಕ್ಕೆ. ಮೇಜಿನ ಮುಂದೆ ನಿಂತ ಹೆಂಗಸು ಕರಗಿಯೇ ಹೋದಳು, ಅಯ್ಯೋ ಬಂಗಾರ, ಒಂಬತ್ತೇ ವರ್ಷಾನಾ, ನಮ್ಮನೆಯದಕ್ಕೆ ಹದಿಮೂರಾಯ್ತು, ಒಂದು ರಜಾಚೀಟಿ ಬರೆಯೋಕೆ ಬರಲ್ಲ. ಮಕ್ಕಳ ಪುಸ್ತಕ ಮೇಳ, ಸಭಾಂಗಣದ ತುಂಬ ಇಂಥ ಮೇಜುಗಳೇ, ಮೇಜಿಗೊಂದು ಮಗು, ಮಗುವಿನ ಮುಂದೆ ವಯಸ್ಸಿನ ಫಲಕ, ಮಗುವಿನ ಹಿಂದೆ ಕುರ್ಚಿಯಲ್ಲಿ ನನ್ನಂಥವರು, ಮೇಲೆ ಈ ಗೋಡೆಯಿಂದ ಆ ಗೋಡೆಗೆ ಉದ್ದದ ಬಟ್ಟೆ ಕಟ್ಟಿ ಬರೆಸಿದ್ದಾರೆ, ಬೆಳೆಯುವ ಸಿರಿ ಮೊಳಕೆಯಲ್ಲಿ. ಮೊಳಕೆ ಮೊಳಕೆಯಾಗಿಯೇ ಉಳಿದರೆ ಏನು ಮಾಡಬೇಕು ಎಂದು ಗಾದೆ ಕಟ್ಟಿದವರು ಹೇಳಿಲ್ಲ.

ಏಣಿ ಎನ್ನುತ್ತಿದ್ದೆವು ಇವಳನ್ನು, ಹಾಗೆ ಕರೆದವರು ನಮ್ಮತ್ತೆ, ಇವಳ ಕಾಲಿಗೆ ಬಟ್ಟೆ ಸಾಲೋದೇ ಇಲ್ವಲ್ಲೇ, ಮಗು ಹೆತ್ತಿದ್ದೀಯೋ ಏಣಿ ಹೆತ್ತಿದ್ದೀಯೋ — ಶಾಲೆಯಲ್ಲಿ ಬೆಳಗಿನ ಸಾಲಿನ ಕಟ್ಟಕಡೆಗೆ ನಿಲ್ಲುತ್ತಿದ್ದವಳು ಈಗ ಮೊಟ್ಟಮೊದಲು ನಿಲ್ಲುತ್ತಾಳೆ, ಸಾಲು ಬೆಳೆದಿದೆ, ಇವಳು ನಿಂತಿದ್ದಾಳೆ. ಡಾಕ್ಟರು ಬೆನ್ನು ತಟ್ಟಿ ಕಳಿಸಿದರು, ಕೆಲವು ಮಕ್ಕಳು ಹೀಗೇನಮ್ಮ, ನಿಂತು ನಿಂತು ಒಂದೇ ಸಲ ಚಿಗುರ್ತಾರೆ. ಹಲ್ಲಿನ ವಿಷಯ ಅವರಿಗೆ ಹೇಳಲಿಲ್ಲ, ಪುಸ್ತಕದ ಹಿಂಬದಿಗೆ ಫೋಟೋ ತೆಗೆದ ದಿನ ಅಲುಗಾಡುತ್ತಿದ್ದ ಕೋರೆಹಲ್ಲು ಈಗಲೂ ಅಲುಗಾಡುತ್ತಿದೆ, ಬೀಳುವುದಿಲ್ಲ, ಗಟ್ಟಿಯಾಗುವುದೂ ಇಲ್ಲ, ಗಿರಾಕಿ ಇಲ್ಲದಾಗ ನಾಲಿಗೆಯಿಂದ ತಳ್ಳುತ್ತಾಳೆ, ಟಿಕ್, ಬಿಡುತ್ತಾಳೆ, ಟಿಕ್. ನನಗೆ ಹೆದರಿಕೆ, ಹೆತ್ತ ಮಗಳನ್ನು ಕಂಡರೆ ಹೆದರಿಕೆ. ಬರೆಯುವಾಗ ಹೀಗಿರಲಿಲ್ಲ, ಹೊಲಿಗೆ ಮಷೀನಿನ ಪಕ್ಕ ಬೋರಲು ಮಲಗಿ ನನ್ನ ಗುಂಡಿ ಡಬ್ಬಿಯನ್ನು ಸುರುವಿಕೊಂಡು, ಯಾರದೋ ಕೋಟಿನಿಂದ ಉದುರಿದ ಗುಂಡಿಗೆ ಒಂದು ಕಥೆ, ಯಾರದೋ ಕೂಸಿನ ಸ್ವೆಟರಿನ ಗುಂಡಿಗೆ ಒಂದು ಕಥೆ, ತಾನೇ ಬರೆದು ತಾನೇ ಬಿದ್ದು ಬಿದ್ದು ನಗುತ್ತಿದ್ದಳು, ಅಮ್ಮಾ ಮಷೀನ್ ನಿಲ್ಸು, ಹಿತ್ತಾಳೆ ಗುಂಡಿ ಜೈಲಿಂದ ಓಡಿಹೋಯ್ತು. ಇವರು — ಅವಳಪ್ಪ — ಓದಿ ಕಣ್ಣೊರೆಸಿಕೊಂಡರು, ಸುಳ್ಳಲ್ಲ, ಪುಸ್ತಕ ಮಾಡೋಣ ಅಂದರು, ಬಾಲಪ್ರಕಾಶಕರ ತರಬೇತಿಗೆ ಸೇರಿಸಿದರು, ಅಲ್ಲಿಯ ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟರು, ಕಥೆ ಎಲ್ಲರ ಹತ್ರಾನೂ ಇರುತ್ತೆ ಮಕ್ಕಳೇ, ಈ ವಯಸ್ಸು ನಿಮ್ಮ ಹತ್ರ ಮಾತ್ರ ಇದೆ, ಮಾರಾಟ ಆಗೋದು ಅದೇ, ಫೋಟೋದಲ್ಲಿರೋ ಬಟ್ಟೇನೇ ಎಲ್ಲಾ ಕಡೆ ಹಾಕ್ಕೊಂಡು ಹೋಗಿ. ಮುಖಪುಟದಲ್ಲಿ ಒಂಬತ್ತು ಎಂದು ಅಚ್ಚಾಯಿತು, ಅವಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ಹತ್ತು ತುಂಬಿದ ದಿನ ಇವರು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು, ಯಾರಾದ್ರೂ ಕೇಳಿದ್ರೆ ಒಂಬತ್ತು ಅನ್ನು ಏಣಿ, ಪುಸ್ತಕ ಮುಗಿಯೋವರೆಗೆ ಅಷ್ಟೇ. ಎಲ್ಲಾ ಪುಸ್ತಕ ಮುಗಿಯೋವರೆಗಾ ಅಪ್ಪಾ? ಹೂಂ, ಎಲ್ಲಾ. ಆಯ್ತು ಅಂದಳು. ನಾನು ಅಳತೆಯ ಟೇಪು ಸುತ್ತುತ್ತ ಕೂತಿದ್ದೆ, ಸುತ್ತಿ ಮುಗಿದ ಮೇಲೂ ಕೂತಿದ್ದೆ. ಹೇಳಿದ ಮಾತು ಮೀರದ ಮಗು, ಅದೇ ಗ್ರಹಚಾರ. ಒಂದು ಅಚ್ಚು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು, ಏಣಿ ಎಂದು ಕರೆಯುವುದನ್ನು ಮನೆಯಲ್ಲಿ ಯಾವಾಗ ಬಿಟ್ಟೆವೋ ಗೊತ್ತೇ ಆಗಲಿಲ್ಲ. ಬೇರೆ ಕಥೆ ಬರಿಯೇ, ಹೊಸ ಗುಂಡಿ ಬಂದಿವೆ ನೋಡು ಎಂದರೆ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆಗೇ ತಳ್ಳಿದಳು, ಒಂಬತ್ತು ವರ್ಷದ ಕಥೆ ಎಲ್ಲಾ ಮುಗಿದ್ವು ಅಮ್ಮ, ಮಿಕ್ಕಿದ್ದು ದೊಡ್ಡವಳಾದ್ಮೇಲೆ ಬರುತ್ತೆ. ಬೇಜಾರಿಲ್ಲ, ಹಟವಿಲ್ಲ, ಅಂಗಡಿಯವರು ನಾಳೆ ಬನ್ನಿ ಅನ್ನುವಂತೆ ಹೇಳಿದಳು.

ಪಕ್ಕದ ಮೇಜಿನಲ್ಲಿ ಏಳು ವರ್ಷದ ಕವಯಿತ್ರಿ, ಎರಡು ಜಡೆ, ಕೆಂಪು ಬೂಟು, ಹೋದ ವರ್ಷದ ಮೇಳದಲ್ಲೂ ನಮ್ಮ ಪಕ್ಕದಲ್ಲೇ ಇದ್ದಳು, ಏಳು, ಎರಡು ಜಡೆ, ಕೆಂಪು ಬೂಟು, ಅದೇ ಬೂಟು, ಬಲಗಾಲಿನದರ ಮೂತಿ ತರಚಿದ್ದು ಅದೇ ಜಾಗದಲ್ಲಿ — ಆ ವಯಸ್ಸಿನ ಮಕ್ಕಳಿಗೆ ಒಂದು ಬೂಟು ಆರು ತಿಂಗಳು ಬಂದರೆ ಹೆಚ್ಚು. ಅವಳಮ್ಮ ಊಟದ ಡಬ್ಬಿ ಮುಚ್ಚುತ್ತ ನನ್ನ ಕಡೆ ವಾಲಿದಳು, ದನಿ ಗಂಟಲಲ್ಲೇ ಇತ್ತು, ಅಕ್ಕಾ, ತಪ್ಪು ತಿಳ್ಕೋಬೇಡಿ, ನೀವು ನಿಮ್ಮ ಮಗಳಿಗೆ ಉಗುರು ಕತ್ತರಿಸ್ತೀರಾ? ಇದೆಂಥಾ ಪ್ರಶ್ನೆ ಎಂದು ನಗಲು ಹೋದೆ, ಕೊನೆಯ ಸಲ ಕತ್ತರಿಸಿದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ, ಬರಲಿಲ್ಲ, ಮತ್ತೆ ಮಾಡಿಕೊಂಡೆ, ಬೆಳೆದ ಉಗುರು, ನೆಲದ ಮೇಲೆ ಹಾಸಿದ ಕಾಗದ, ಅವಳ ಪುಟ್ಟ ಬೆರಳು ನನ್ನ ಬೆರಳಲ್ಲಿ, ಅದೆಲ್ಲ ಪುಸ್ತಕಕ್ಕಿಂತ ಮೊದಲಿನದು. ಅವಳೂ ನಾನೂ ಮುಖ ಮುಖ ನೋಡಿಕೊಂಡೆವು, ಆಮೇಲೆ ನೋಡಿಕೊಳ್ಳಲಿಲ್ಲ. ಇವತ್ತು ಮುಗಿಯಬೇಕು, ಮೇಜಿನ ಕೆಳಗಿರುವ ಡಬ್ಬವೇ ಕೊನೆಯದು, ಇದೊಂದು ಖಾಲಿಯಾದರೆ ಎಲ್ಲಾ ಪುಸ್ತಕ ಮುಗಿದಂತೆ, ಅವಳು ಕೊಟ್ಟ ಮಾತು ಮುಗಿದಂತೆ, ಆ ಕ್ಷಣವೇ ಮಡಿಕೆ ಬಿಚ್ಚುತ್ತೇನೆ, ಬಟ್ಟೆ ಮೊಣಕಾಲ ಕೆಳಗೆ ಜೋತಾಡಲಿ, ಜನ ಆಡಿಕೊಳ್ಳಲಿ, ಬೆಳೆಯಲು ಜಾಗವಿದೆ ಎಂದು ಕಾಲಿಗಾದರೂ ಗೊತ್ತಾಗಲಿ — ಎದ್ದು ನಿಂತು ಹೋಗಿ ಬರುವವರನ್ನೆಲ್ಲ ಕರೆದೆ, ಬನ್ನಿ ಅಣ್ಣ, ಬನ್ನಿ ಅಕ್ಕ, ಇನ್ನೆರಡೇ ಇರೋದು, ಸೊಪ್ಪು ಮಾರುವವಳ ಹಾಗೆ. ಇವರು ಬೆರಗಾಗಿ ನೋಡಿದರು, ನಿನಗೆ ಯಾವಾಗ ಬಂತೇ ಈ ವ್ಯಾಪಾರದ ಹುಚ್ಚು, ಮೇಷ್ಟ್ರನ್ನ ಕಂಡು ಬರ್ತೀನಿ, ನೋಡ್ಕೋ. ಹೋದರು. ಕೊನೆಯ ಪ್ರತಿಯನ್ನು ಊರುಗೋಲಿನ ಮುದುಕರೊಬ್ಬರು ಕೊಂಡರು, ಇವಳು ಸಹಿ ಹಾಕಿದಳು, ತಲೆ ಎಡಕ್ಕೆ. ಬಗ್ಗಿ ಡಬ್ಬದೊಳಗೆ ಕೈಯಾಡಿಸಿದೆ, ಖಾಲಿ.

ಬಾ ಏಣಿ, ಇಲ್ಲಿ ನಿಲ್ಲು ಎಂದು ಮೇಜಿನ ಹಿಂದೆ ಮಂಡಿಯೂರಿದೆ, ಏಣಿ ಎಂದದ್ದಕ್ಕೆ ಅವಳು ಒಂದು ಗಳಿಗೆ ಯಾರನ್ನೋ ಕರೆದರು ಎಂಬಂತೆ ಹಿಂದೆ ನೋಡಿದಳು, ಬಂದು ನಿಂತಳು, ಚೀಲದಿಂದ ಚಿಕ್ಕ ಕತ್ತರಿ ತೆಗೆದು ಬಾಯಲ್ಲಿ ಕಚ್ಚಿಕೊಂಡು ಬಿಳಿ ಎಳೆಯನ್ನು ಹಿಡಿದು ಎಳೆದೆ, ಸರ್ರನೆ ಬರಬೇಕಿತ್ತು, ಬರಲಿಲ್ಲ. ಅಂಚನ್ನು ಮಗುಚಿ ನೋಡಿದೆ. ನನ್ನ ಉದ್ದುದ್ದ ಹೊಲಿಗೆ ಅಲ್ಲಿಲ್ಲ, ಚಿಕ್ಕ ಹೊಲಿಗೆ, ಒತ್ತೊತ್ತಾಗಿ, ಇರುವೆ ಸಾಲಿನ ಹಾಗೆ, ಒಂದರ ಕೆಳಗೆ ಒಂದು ಸಾಲು, ಮಗುವಿನ ಕೈ, ಸೂಜಿ ಒಂದು ಹೆಜ್ಜೆ ಹಿಂದಕ್ಕೆ ತಂದು ಮುಂದಕ್ಕೆ ಚುಚ್ಚಿದ್ದು, ನಾನೇ ಕಲಿಸಿದ್ದು, ಹೀಗೆ ಹಾಕಿದ್ರೆ ಜನ್ಮದಲ್ಲಿ ಬಿಚ್ಚಲ್ಲ ನೋಡು — ಫ್ರಾಕು ನಾನೇ ಒಗೆದುಕೊಳ್ತೀನಿ ಅನ್ನುತ್ತಿದ್ದಳಲ್ಲ, ಎಷ್ಟು ಜವಾಬ್ದಾರಿ ನೋಡಿ ಎಂದು ಇವರು ಊರೆಲ್ಲ ಹೇಳಿಕೊಂಡು ಬಂದರಲ್ಲ. ಕತ್ತರಿ ಬಾಯಿಂದ ಕೈಗೆ ತೆಗೆದುಕೊಂಡೆ, ಏನೇ ಇದು? ಒಂದು ಅಚ್ಚಿಗೆ ಒಂದು ಸಾಲು ಅಮ್ಮ, ನಿಂದು ಗಟ್ಟಿ ಇರ್ಲಿಲ್ಲ. ಮೂರು ಅಚ್ಚಾಗಿದ್ದು, ನಾಲ್ಕು ಸಾಲು ಇದೆಯಲ್ಲೇ. ಅಪ್ಪ ಹೋದ ತಿಂಗಳೇ ಇನ್ನೊಂದು ಅಚ್ಚಿಗೆ ಹೇಳಿದ್ರಲ್ಲ, ಹೊಸ ಡಬ್ಬ ಈಗ ಬರುತ್ತೆ, ಅಪ್ಪ ತರೋಕೇ ಹೋಗಿರೋದು. ಟಿಕ್. ಕತ್ತರಿಯ ಮೊನೆಯನ್ನು ಮೊದಲ ಸಾಲಿನ ಕೆಳಗೆ ತೂರಿಸಿದೆ, ಅವಳ ಮಂಡಿ ಅದುರಿತು, ಅಲ್ಲಿ ಕತ್ತರಿಸ್ಬೇಡ ಅಮ್ಮ, ನೋಯುತ್ತೆ. ಬಟ್ಟೆ ಕಣೇ ಇದು, ಬಟ್ಟೆ. ಗೊತ್ತು, ನೋಯುತ್ತೆ. ಮೇಜಿನ ಆ ಕಡೆ ಯಾರೋ ಬಂದು ನಿಂತರು, ನಮಸ್ಕಾರ, ನಾನು ಒಂಬತ್ತು ವರ್ಷದ, ಅವಳ ದನಿ ನನ್ನ ತಲೆಯ ಮೇಲಿಂದ ಹೋಗುತ್ತಿದೆ, ಕತ್ತರಿ ಕೈಯಲ್ಲೇ ಇದೆ, ಗಂಟಿಗಾಗಿ ಹುಡುಕುತ್ತೇನೆ, ಗಂಟು ಸಿಕ್ಕರೆ ಸಾಕು, ಎಲ್ಲಿ ಶುರು ಮಾಡಿದ್ದಾಳೆ, ಎಲ್ಲಿ ಮುಗಿಸಿದ್ದಾಳೆ, ಸುತ್ತ ಬೆರಳಾಡಿಸಿ ಬಂದೆ, ಮತ್ತೊಂದು ಸುತ್ತು ಬಂದೆ, ಗಂಟಿಲ್ಲ, ದಾರ ಇದೆ, ಎಡ ಮಂಡಿಯ ಹತ್ತಿರ, ಬಿಳಿ ದಾರ, ಒಂದೇ ಎಳೆ, ಫ್ಯಾನು ಈ ಕಡೆ ತಿರುಗಿತು, ಅಲುಗಿತು, ಆ ಕಡೆ ಹೋಯಿತು, ದಾರ ಅಲುಗುತ್ತಲೇ ಇದೆ