ಉಡದಾರದ ಚಾವಿ

ಬ್ಯಾಟರಿಯ ತಂತಿ ಬಿಚ್ಚಿ ಪಕ್ಕಕ್ಕಿಟ್ಟು ಮೆಕ್ಯಾನಿಕ್ ನವೀನ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ಅವನ ಎರಡೂ ಕಾಲು ಬಾಗಿಲಿನಿಂದ ಹೊರಗೆ ಚಾಚಿಕೊಂಡಿದ್ದವು. ಆಚೆ ಕಟ್ಟೆಯ ಮೇಲೆ ಜಕ್ಕಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈ ತೊಳೆದು, ಹೊಸ ಧೋತರ ಉಡಿಸಿ, ಹಣೆಗೆ ಭಂಡಾರ ಬಳಿದಾಗಿತ್ತು. ಸುತ್ತ ಕುಳಿತು ಅಳುತ್ತಿದ್ದ ಹೆಂಗಸರ ನಡುವಿನಿಂದ ಅವನ ಹೆಂಡತಿ ಸತ್ಯವ್ವ ಎದ್ದು ಬಂದು ಗಾಡಿಯ ಬಳಿ ನಿಂತಿದ್ದಳು. ಅವಳ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಗಂಟಿತ್ತು. ಮಗಳು ಶೈಲಾ ನವೀನನಿಗೆ ಟಾರ್ಚು ಹಿಡಿದಿದ್ದಳು.

ಜಕ್ಕಪ್ಪನ ಅಣ್ಣ ಹಾಲಸಿದ್ದಪ್ಪ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಳ್ಳುತ್ತ ಬಂದ.

“ಸತ್ಯವ್ವಾ, ಹೊತ್ತು ನೆತ್ತಿ ಮ್ಯಾಲ ಬಂತು. ಅಲ್ಲೆ ಕುಣಿ ತೋಡಿ ಮಂದಿ ಹಾದಿ ಕಾಯಾಕತ್ತಾರ. ಟ್ರ್ಯಾಕ್ಟರ್ ತಯಾರ ಐತಿ. ಹೆಣಾ ಕುಂದರ್ಸಿ ಗಾಡಿ ರಿಪೇರಿ ಮಾಡಿಸಿದ್ದು ಎಲ್ಲೆರ ಕೇಳೀಯೇನು?”

“ಟ್ರ್ಯಾಕ್ಟರ್ ಬ್ಯಾಡ್ರಿ ಭಾವಾರ. ಅವ್ರು ತಮ್ಮ ಗಾಡ್ಯಾಗ ಹೋಗ್ತಾರ.”

“ಹಂಗಂತ ಅಂವ ಹೇಳಿದ್ನೇನು?”

“ಅವ್ರು ಏನೂ ಹೇಳಿಲ್ರಿ. ನಾ ಹೇಳಾಕತ್ತೇನಿ.”

ಹಾಲಸಿದ್ದಪ್ಪ ಅಂಗಳದ ಬೇವಿನ ಗಿಡದತ್ತ ಬೊಟ್ಟು ಮಾಡಿದ. “ಆ ನೆಳ್ಳು ಕಟ್ಟಿಗೆ ಬಂದು ಮುಟ್ಟೂತನಕ ಸುಮ್ಕಿರ್ತೇನಿ. ಹೊತ್ತು ಮುಣಗೂದ್ರಾಗ ಮಣ್ಣ ಆಗಬೇಕು. ಆಮ್ಯಾಲ ನಿನ್ನ ಮಾತು ಕೇಳೂದಿಲ್ಲ.”

ಸತ್ಯವ್ವ ಟವೆಲು ಬಿಚ್ಚಿದಳು. ಒಳಗೆ ಅಂಗೈಯಗಲದ ಕರಿ ಡಬ್ಬಿ. ಗಾಡಿಯ ದೀಪ, ಹಾರ್ನು, ಬಾಗಿಲ ಲಾಕು, ಚಾವಿಯ ಗುರುತು, ಎಲ್ಲಕ್ಕೂ ಅಪ್ಪಣೆ ಕೊಡುವುದು ಅಂಥ ಒಂದು ಡಬ್ಬಿಯೇ. ಅದರ ಹೆಸರು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂದು ನವೀನ ಹೇಳಿಕೊಟ್ಟಿದ್ದರೂ ಜಕ್ಕಪ್ಪನ ಬಾಯಲ್ಲಿ ಅದು ಡಬ್ಬಿಯಾಗಿಯೇ ಉಳಿದಿತ್ತು. ಗಾಡಿಯೊಳಗಿನ ಹಳೆಯದು ಕೆಟ್ಟು ಬಹಳ ದಿನವಾಗಿತ್ತು. ಎಡಕ್ಕೆ ತಿರುಗುವ ಸಿಗ್ನಲ್ ಹಾಕಿದರೆ ಎರಡೂ ಕಡೆಯ ದೀಪ ಕಣ್ಣು ಮಿಟುಕಿಸುತ್ತಿದ್ದವು. ಕಳೆದ ವಾರ ಗಾಡಿ ಶುರುವಾಗುವುದನ್ನೇ ಬಿಟ್ಟಿತು. ಜಕ್ಕಪ್ಪ ಲೋಕಾಪುರದ ಗುಜರಿಯಲ್ಲಿ ಹುಡುಕಿ ಅದೇ ನಂಬರಿನ ಡಬ್ಬಿ ತಂದು, ಕೂಸನ್ನು ಸುತ್ತಿದಂತೆ ಸುತ್ತಿ ಗೋಡೆಯ ಮಾಡದಲ್ಲಿಟ್ಟಿದ್ದ. ಬನಹಟ್ಟಿಯಿಂದ ನವೀನ ಬಂದು ಇವತ್ತು ಕೂರಿಸಿಕೊಡುವುದೆಂದು ಮಾತಾಗಿತ್ತು. ನವೀನ ಮಾತಿನಂತೆ ಬಂದ. ಬೆಳಗಿನ ಚಹದ ಲೋಟ ಕೆಳಗಿಡುತ್ತಿದ್ದಂತೆ ಎದೆ ಹಿಡಿದುಕೊಂಡ ಜಕ್ಕಪ್ಪ ಅಷ್ಟರಲ್ಲಿ ಹೋಗಿಬಿಟ್ಟಿದ್ದ.

*

ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಕಡೆಯ ಊರು ಮುಳುಗಿದಾಗ ಜಕ್ಕಪ್ಪ ಕುರಿ ಹೊಡೆದುಕೊಂಡು, ಅಣ್ಣ ಮತ್ತು ತಾಯಿಯೊಂದಿಗೆ ಸತ್ಯವ್ವನ ತವರಾದ ಹುನ್ನೂರಿಗೆ ಬಂದಿದ್ದ. ಅಲ್ಲಿನ ಅವರ ಹೊಲದ ಮೇಲಂಚು ಮಾತ್ರ ನೀರಿಗೆ ಸಿಗದೆ ಉಳಿದಿತ್ತು. ಮನೆಯ ಹಿರಿಯರನ್ನೆಲ್ಲ ಮಣ್ಣು ಮಾಡಿದ್ದು ಅಲ್ಲೇ.

ಮರುವರ್ಷ ತಾಯಿ ತೀರಿಕೊಂಡಳು. ಕೈಕಾಲು ಹಿಡಿದು ತಂದ ಟ್ರ್ಯಾಕ್ಟರಿನವನು ಅರ್ಧ ಹಾದಿಯಲ್ಲಿ, ಕಬ್ಬು ಹೇರಲು ಹೊತ್ತಾಯಿತೆಂದು ಹೆಣ ಇಳಿಸಿ ಹೊರಟುಹೋದ. ರಸ್ತೆ ಪಕ್ಕದ ಜಾಲಿಯ ನೆರಳಿನಲ್ಲಿ ಮುದುಕಿಯನ್ನು ಮಲಗಿಸಿಕೊಂಡು ಅಣ್ಣತಮ್ಮಂದಿರು ಕುಳಿತರು. ಯಾವ ಗಾಡಿಯೂ ನಿಲ್ಲಲಿಲ್ಲ. ಜಕ್ಕಪ್ಪ ರುಮಾಲು ಬಿಚ್ಚಿ ತಾಯಿಯ ಮುಖದ ಮೇಲಿನ ನೊಣ ಹೊಡೆಯುತ್ತಲೇ ಇದ್ದ. ಕಡೆಗೆ ಹೆಗಲ ಮೇಲೆ ಹೊತ್ತು ಮುಟ್ಟಿಸಿದರು.

ಮನೆಗೆ ಬಂದವನು ಹೆಂಡತಿಗೆ ಒಂದೇ ಮಾತು ಹೇಳಿದ. “ನಮ್ಮ ಓಣ್ಯಾಗ ಇನ್ನ ಯಾರೂ ಮಂದಿ ಗಾಡೀದು ಹಾದಿ ಕಾಯಬಾರದು.”

ಕುರಿ ಮಾರಿದ. ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬನ ಬಳಸಿದ ಗಾಡಿ ತಂದ. ಆಮೇಲೆ ಆ ಓಣಿಯಲ್ಲಿ ಹೆರುವವರು, ಹಾವು ಕಡಿಸಿಕೊಂಡವರು, ಬೀಗರೂಟಕ್ಕೆ ಹೊರಟವರು, ಹೆಣವಾದವರು, ಎಲ್ಲರೂ ಅದರ ನಡುವಿನ ಸೀಟಿನಲ್ಲಿ ಕೂತೇ ಹೋದರು.

*

ನವೀನ ಹಳೆ ಡಬ್ಬಿಯನ್ನು ಹೊರಗೆಳೆದು ಮುಚ್ಚಳ ತೆಗೆದವನು ಹಾಗೇ ನೋಡುತ್ತ ಉಳಿದ.

“ಅಕ್ಕಾರ, ಇದೇನ್ರಿ ಇದು?”

ಡಬ್ಬಿಯ ಒಳಗೆಲ್ಲ ಹಳದಿ. ಸಣ್ಣ ತಂತಿಗಳ ಮೇಲೆ, ಮೂಲೆ ಮೂಲೆಯಲ್ಲಿ, ಅರಿಸಿನ ಒದ್ದೆಯಾಗಿ ಒಣಗಿ ಹೆಪ್ಪುಗಟ್ಟಿತ್ತು. ಬೀರೇಶ್ವರನ ಭಂಡಾರ. ಜಕ್ಕಪ್ಪ ದಿನಾ ಬೆಳಿಗ್ಗೆ ಒಂದು ಚಿಟಿಕೆಯನ್ನು ಸ್ಟೇರಿಂಗಿನ ಮುಂದಿನ ಸಂದಿಗೆ ಹಾಕಿ, ಕಣ್ಣು ಮುಚ್ಚಿ ತೆರೆದು, ಆಮೇಲೆಯೇ ಚಾವಿ ತಿರುಗಿಸುತ್ತಿದ್ದ. ಮೇಲೆ ಹಾಕಿದ್ದು ಇಷ್ಟು ವರ್ಷ ಕೆಳಗೆ ಸೋರಿತ್ತು. ಮುಂದಿನ ಗಾಜಿನ ಅಂಚಿನಿಂದ ಇಳಿದ ಮಳೆನೀರು ಅದಕ್ಕೆ ಸೇರಿಕೊಂಡಿತ್ತು.

“ಗಾಡಿ ಛಲೋ ಇರ್ಲಿ ಅಂತ ಹಾಕಿದ್ದಽ ಗಾಡಿ ಕೆಡಿಸೇತಿ ನೋಡ್ರಿ,” ಎಂದ ನವೀನ. ಅವನ ದನಿಯಲ್ಲಿ ಬೈಗುಳವಿರಲಿಲ್ಲ. ಸತ್ಯವ್ವ ಆ ಹೆಪ್ಪನ್ನು ಬೆರಳ ತುದಿಯಿಂದ ಮುಟ್ಟಿದಳು. ಅಷ್ಟೂ ಬೆಳಗುಗಳು ಅಲ್ಲಿ ಪದರ ಪದರವಾಗಿ ಕೂತಿದ್ದವು.

ಹೊಸ ಡಬ್ಬಿ ಕೂತಿತು. ಬ್ಯಾಟರಿಯ ತಂತಿ ಬಿಗಿದು, ತನ್ನ ಸ್ಕ್ಯಾನರು ಜೋಡಿಸಿ ನವೀನ ಚಾವಿ ತಿರುಗಿಸಿದ. ದೀಪಗಳೆಲ್ಲ ಹತ್ತಿದವು. ಗಾಡಿ ಮಾತ್ರ ಶುರುವಾಗಲಿಲ್ಲ. ಬೇವಿನ ನೆರಳು ಕಟ್ಟೆಗೆ ಇನ್ನೊಂದು ಮಾರು ದೂರವಿತ್ತು.

“ಈ ಡಬ್ಬಿ ಬ್ಯಾರೆ ಗಾಡೀದು. ನಮ್ಮ ಚಾವಿ ಗುರುತು ಇದಕ್ಕ ಹೇಳಿಕೊಡಬೇಕ್ರಿ. ಒಂದಽ ಚಾವಿಗೆ ಇದು ಒಪ್ಪೂದಿಲ್ಲ, ಎರಡೂ ತೋರಸಬೇಕು. ಇನ್ನೊಂದು ಎಲ್ಲೆ ಐತಿ?”

ಶೈಲಾ ತಾಯಿಯ ಮುಖ ನೋಡಿದಳು. ಸತ್ಯವ್ವ ಕಟ್ಟೆಯ ಕಡೆ ನೋಡಿದಳು. ಬಾಯಿ ಬಿಟ್ಟದ್ದು ಪಕ್ಕದ ಮನೆಯ ಬೋರವ್ವ.

“ಅದಾ? ಅದು ಜಕ್ಕಪ್ಪನ ಉಡದಾರದಾಗ ಐತೆಪ್ಪಾ! ನನ್ನ ಸೊಸಿಗೆ ಬ್ಯಾನಿ ಎದ್ದಾಗ ಮುಧೋಳ ಹಾದ್ಯಾಗ ಕಬ್ಬಿನ ಗಾಡಿ ಅಡ್ಡ ನಿಂತಿದ್ವು. ಸರಸಾಕಂತ ನಾನೂ ಅಂವನೂ ಕೆಳಗ ಇಳದ್ವಿ. ಬಾಗಲಾ ತಾವಽ ಖಟ್ ಅಂತ ಲಾಕ್ ಆದ್ವು. ಚಾವಿ ಒಳಗ, ಸೊಸಿ ಒಳಗ. ಆಕಿಗೆ ಕೈ ಎತ್ತೂ ತ್ರಾಣ ಇಲ್ಲ. ಕಲ್ಲ ತಗೊಂಡು ಗಾಜ ಒಡದ. ಅವತ್ತಿಂದ ಎರಡನೇ ಚಾವಿ ಸೊಂಟಕ್ಕ ಕಟಗೊಂಡ. ಮತ್ತ ಲಾಕ್ ಆದ್ರ ನಡು ಸಂತ್ಯಾಗ ಬಾಗಲಕ್ಕ ಸೊಂಟಾ ಹಚ್ಚಿ ನಿಲ್ತಿದ್ದ. ‘ಏ ಜಕ್ಕಪ್ಪಾ, ಗಾಡಿನ್ನ ತೆಕ್ಕಿ ಬಡದದ್ದು ಸತ್ಯವ್ವ ನೋಡಿದ್ರ ಮನಿ ಬಿಡಸ್ತಾಳ ನೋಡು’ ಅಂತಿದ್ವಿ.”

ಅಳುತ್ತಿದ್ದವರಲ್ಲಿ ಒಂದಿಬ್ಬರು ಸೆರಗು ಬಾಯಿಗೊತ್ತಿ ನಕ್ಕರು. ನಗು ಅಲ್ಲಿಗೇ ನಿಂತಿತು. ಎಲ್ಲರ ಕಣ್ಣೂ ಕಟ್ಟೆಯ ಮೇಲೆ ಕುಳಿತವನ ಸೊಂಟಕ್ಕೆ ಹೋದವು.

“ಅದಾಗೂದಲ್ಲ,” ಎಂದ ಹಾಲಸಿದ್ದಪ್ಪ. “ಉಡದಾರ ಹರಿಯೂದು ಕುಣಿ ದಂಡಿಗೆ. ಹರಿಯಾಂವ ನಾನು. ಮನ್ಯಾಗ ಹರದದ್ದು ಯಾರೂ ಕೇಳಿಲ್ಲ.”

“ಚಾವಿ ಇಲ್ದ ಕುಣೀಗೆ ಹ್ಯಾಂಗ ಹೋಗೂದ್ರಿ?”

“ಅದಕ್ಕಽ ಟ್ರ್ಯಾಕ್ಟರ್ ಅಂದೆ.”

ಸತ್ಯವ್ವ ಸೆರಗನ್ನು ಸೊಂಟಕ್ಕೆ ಬಿಗಿದಳು. “ಭಾವಾರ, ಅತ್ತಿಯವ್ರನ್ನ ಜಾಲಿ ಬುಡಕ ಇಟಗೊಂಡು ಕುಂತಾಗ ನೀವೂ ಇದ್ರಿ. ಅವ್ರ ಉಡದಾರ ನಾ ಹರೀತೇನಿ. ದೋಷ ಬಂದ್ರ ನನಗ ಬರ್ಲಿ.”

ಅವಳು ಕಟ್ಟೆ ಏರಿ ಗಂಡನ ಮುಂದೆ ಮೊಣಕಾಲೂರಿ ಕುಳಿತಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲಸಿದ್ದಪ್ಪ ಹೆಗಲ ಕಂಬಳಿ ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ತಮ್ಮನಿಗೆ ಮರೆಯಾಗಿ ಹಿಡಿದ. ಮುಖವನ್ನು ಆಚೆ ತಿರುಗಿಸಿಕೊಂಡ.

“ಲಗೂ ಮಾಡವ್ವಾ,” ಎಂದ.

ಕಂಬಳಿಯ ಹಿಂದೆ ಸತ್ಯವ್ವನ ಕೈ ಧೋತರದ ಗಂಟು ಸಡಿಲಿಸಿತು. ಚಾವಿ ಇನ್ನೂ ಅಲ್ಲೇ, ಮೈಗೆ ಅಂಟಿಕೊಂಡಿತ್ತು. ಕರಿದಾರ ಗಟ್ಟಿಯಿತ್ತು. ಎಳೆದರೆ ಹರಿಯಲಿಲ್ಲ. ಬಾಗಿ ಹಲ್ಲಿನಿಂದ ಕಚ್ಚಿ ಹರಿದಳು.

ಗಾಡಿ ಶುರುವಾದಾಗ ನೆರಳು ಕಟ್ಟೆಯ ಅಂಚು ಮುಟ್ಟಿತ್ತು.

*

ಜಕ್ಕಪ್ಪನನ್ನು ನಡುವಿನ ಸೀಟಿನಲ್ಲಿ ಕೂರಿಸಿದರು. ಒಂದು ಕಡೆ ಸತ್ಯವ್ವ, ಇನ್ನೊಂದು ಕಡೆ ಹಾಲಸಿದ್ದಪ್ಪ ಹಿಡಿದುಕೊಂಡರು. ಅಪ್ಪನ ಕೈಯಲ್ಲಿ ಗಾಡಿ ಕಲಿತಿದ್ದ ಶೈಲಾ ಕಣ್ಣೊರೆಸಿಕೊಂಡು ಸ್ಟೇರಿಂಗ್ ಹಿಡಿದಳು. ಹೊರಡುವ ಮೊದಲು ರೂಢಿಯಂತೆ ಭಂಡಾರದ ಚಿಟಿಕೆಯೊಂದಿಗೆ ಅವಳ ಕೈ ಮುಂದಿನ ಸಂದಿಯತ್ತ ಹೋಯಿತು. ನವೀನ ಕೆಮ್ಮಿದ. ಶೈಲಾ ಕೆಳಗಿಳಿದು, ಬಾನೆಟ್ಟಿನ ಮೇಲೆ ಹಚ್ಚಿ ಬಂದಳು.

ಜಮಖಂಡಿ ದಾಟಿ, ಬೀಳಗಿ ಕಡೆಯ ಆ ಹೊಲದಂಚಿಗೆ ಮುಟ್ಟುವಾಗ ಹಿನ್ನೀರಿನ ಮೇಲೆ ಬಿಸಿಲು ಇನ್ನೂ ಇತ್ತು. ಕುಣಿಯ ದಂಡೆಯಲ್ಲಿ ಹಾಲಸಿದ್ದಪ್ಪನ ಕೈ ತಮ್ಮನ ಸೊಂಟಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ಹಿಂದೆ ಬಂತು. ಅದೇ ಕೈಯಲ್ಲಿ ಮಣ್ಣು ತೆಗೆದುಕೊಂಡ.

ಮರಳುವ ಹಾದಿಯಲ್ಲಿ ಜಮಖಂಡಿಯ ಈಚೆಗೆ, ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಗಾಡಿಯ ಗುರುತು ಹಿಡಿದು, ಎಂದಿನಂತೆ ಕೈ ಎತ್ತಿದಳು. ಶೈಲಾ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದಳು.

“ಸೂತಕದ ಗಾಡಿ,” ಎಂದ ಹಾಲಸಿದ್ದಪ್ಪ ಮೆಲ್ಲಗೆ.

“ಹೇಳೂಣ್ರಿ ಆಕಿಗೆ. ಬರೂದು ಬಿಡೂದು ಆಕಿಗೆ ಸೇರಿದ್ದು. ನಿಂದರಸು, ಶೈಲಾ.”

ಸತ್ಯವ್ವ ಸೀಟಿನ ಅಂಚಿಗೆ ಸರಿದು ಸೀರೆಯ ನೆರಿಗೆ ಒಟ್ಟುಮಾಡಿಕೊಂಡಳು. ಶೈಲಾ ಗಾಡಿಯ ವೇಗ ಇಳಿಸಿದಳು. ಚಾವಿಗೆ ಜೋತ ಕರಿದಾರದ ತುಂಡು ಅತ್ತಿತ್ತ ತೂಗಿತು. ಮಬ್ಬುಗತ್ತಲ ರಸ್ತೆಯ ಮೇಲೆ ಎಡಗಡೆಯ ದೀಪ, ಎಡಗಡೆಯದು ಮಾತ್ರ, ಕಣ್ಣು ಮಿಟುಕಿಸತೊಡಗಿತು.