ಬೆಳ್ಳಿಯ ತುದಿ

ಪ್ರಯೋಗಾಲಯದಲ್ಲಿ ಎಲ್ಲರಿಗೂ ಹಿರಿಯಳಾದ ಅವಳನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅವಳು ಅಣುಗಳನ್ನು ತಯಾರಿಸುತ್ತಿದ್ದಳು. ನಾನು ಒಂದೊಂದೇ ಅಣುವನ್ನು ಎರಡು ಬೆಳ್ಳಿ ತಂತಿಗಳ ತುದಿಯ ನಡುವೆ ಸಿಕ್ಕಿಸಿ, ಎಷ್ಟು ವಿದ್ಯುತ್ತು ಹರಿಯುತ್ತದೆಂದು ಅಳೆಯುತ್ತಿದ್ದೆ. ಎರಡು ವರ್ಷ ಕುದಿಸಿ, ಸೋಸಿ ಅವಳು ಮಾಡಿದ ಅಣುವಿನಲ್ಲಿ ವಿದ್ಯುತ್ತು ಹೆಸರಿಗಷ್ಟೇ ಹರಿಯಿತು.

"ಬೆಳ್ಳಿ ತೆಗೆದು ಒಂದ್ಸಲ ಚಿನ್ನ ಹಾಕಿ ನೋಡೋ," ಎಂದಳು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದೆ. ಎಲ್ಲರೂ ನಕ್ಕರು.

ತಂತಿ ಬದಲಿಸಿದರೆ ಯಂತ್ರ ಹೊಂದಿಸಲು ಒಂದು ವಾರ ಬೇಕು. ನನಗೆ ಸೋಮಾರಿತನ. ಅಣುವೇ ಸರಿಯಿಲ್ಲವೆಂದು ವರದಿ ಬರೆದೆ. ಅವಳ ಕೆಲಸ ಹೋಯಿತು, ಯಾವುದೋ ಶಾಲೆಗೆ ಸೇರಿದಳು.

ಹೋದ ತಿಂಗಳು ಬೆಳ್ಳಿ ತಂತಿ ಮುಗಿದು ಚಿನ್ನದ್ದು ಹಾಕಿದೆ. ಯಂತ್ರ ಪರೀಕ್ಷಿಸಲು ಕೈಗೆ ಸಿಕ್ಕಿದ ಅವಳ ಹಳೆಯ ಶೀಶೆಯಲ್ಲಿದ್ದ ಅಣುವನ್ನೇ ಇಟ್ಟೆ. ವಿದ್ಯುತ್ತು ಬೆಳ್ಳಿಯಲ್ಲಿ ಹರಿದದ್ದರ ಐವತ್ತು ಪಟ್ಟು ಹರಿಯಿತು. ಅಣು ಅದೇ, ಹಿಡಿದ ಲೋಹ ಮಾತ್ರ ಬೇರೆ.

ಫೋನ್ ಮಾಡಿದೆ. "ತಪ್ಪು ನಂದು ಅಕ್ಕ. ಐವತ್ತು ಪಟ್ಟು ಬಂತು. ವರದಿ ತಿದ್ತೀನಿ, ನೀನು ವಾಪಸ್ ಬಾ."

"ನನ್ನ ಜಾಗದಲ್ಲಿ ಇನ್ಯಾರೋ ಕೂತು ವರ್ಷ ಆಯ್ತಲ್ಲೋ," ಎಂದಳು. "ಇಲ್ಲಿ ಮಕ್ಕಳ ಗಲಾಟೆ. ಎಷ್ಟು ಪಟ್ಟು ಅಂದೆ? ಇನ್ನೊಂದ್ಸಲ ಹೇಳು."

ಹೇಳಿದೆ. ಅವಳು ಬೈದಿದ್ದರೆ ವಾಸಿಯಿತ್ತು.