ತುರುಬಿನ ಗುಳಿ

ಅದು ಒಬ್ಬರೇ ಕೂರುವ ವಿಮಾನ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮೊದಲ ದಿನವೇ ಕೈ ತೊಳೆದುಕೊಂಡು ಮನೆಗೆ ಬರುತ್ತಿದ್ದೆ.

ಚಳ್ಳಕೆರೆಯಲ್ಲಿ ನಾನು ಶೇಂಗಾ ಹಸನು ಮಾಡುತ್ತಿದ್ದ ಎಣ್ಣೆ ಮಿಲ್ಲು ನಿಂತುಹೋಗಿತ್ತು. ಮಾಲೀಕರ ಮಗ ಕಿರಣ್‌ಕುಮಾರ್ ಬೆಂಗಳೂರಿನಲ್ಲಿ ವಿಮಾನದ ಎಂಜಿನಿಯರ್ ಆಗಿದ್ದವರು, ತೊಂಬತ್ತೇಳರ ಬೇಸಿಗೆಯಲ್ಲಿ ಕೆಲಸ ಬಿಟ್ಟು ಬಂದು ಆ ಖಾಲಿ ಶೆಡ್ಡಿನಲ್ಲಿ ಗ್ಲೈಡರ್ ಕಟ್ಟಲು ಕೂತರು. ಎಂಜಿನ್ ಇಲ್ಲದೆ ಬರೀ ಗಾಳಿಯ ಮೇಲೆ ತೇಲುವ ವಿಮಾನ. ಸ್ಪರ್ಧೆಯಲ್ಲಿ ಅದು ಎಲ್ಲರಿಗಿಂತ ದೂರ ಹೋಗಬೇಕು ಎಂಬುದು ಅವರ ಹಠ. ಊರವರು ತಲೆ ಕೆಟ್ಟಿದೆ ಅಂದರು. ನಾನೂ ಅಂದೆ. ಆದರೂ ಕೂಲಿಗೆ ಹೋದೆ.

ಅಚ್ಚಿನ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ ಅಂಟು ಸವರುವುದು ನನ್ನ ಕೆಲಸ. ಬಿಸಿಲೇರಿದರೆ ಅಂಟು ಬಕೆಟ್ಟಿನಲ್ಲೇ ಗಟ್ಟಿಯಾಗುತ್ತಿತ್ತು, ಹಾಗಾಗಿ ಬೆಳಗಿನ ತಂಪಿನಲ್ಲೇ ಶುರು. ಮೈಯೆಲ್ಲ ನವೆ. ಒಂದು ಚಮಚ ಹೆಚ್ಚು ಬಿದ್ದರೂ ಕಿರಣ್‌ಕುಮಾರ್ ಹಾರಾಡುತ್ತಿದ್ದರು.

"ನಾಗರತ್ನಕ್ಕ, ಅಂಟು ಜಾಸ್ತಿ ಆತು! ತೂಕ ಏರಿದ್ರೆ ನಾವು ಸೋತಂಗೆ."

ಮೊದಲ ರೆಕ್ಕೆಯ ಮೇಲೆ ಮರಳಿನ ಮೂಟೆ ಹೇರಿ ಪರೀಕ್ಷೆ ಮಾಡಿದಾಗ ಅದು ಬುಡದಲ್ಲೇ ಲಟ್ಟೆಂದಿತು. ಆ ಮನುಷ್ಯ ಮುರಿದ ಬುಡವನ್ನು ಎಷ್ಟೋ ದಿನ ತಿರುಗಿಸಿ ತಿರುಗಿಸಿ ನೋಡಿದರು. ಮತ್ತೆ ನಕ್ಷೆ ಬರೆದರು, ಮತ್ತೆ ನಾವು ಬಟ್ಟೆ ಹಾಸಿದೆವು. ಎರಡನೆಯದು ಅಷ್ಟೇ ಮೂಟೆಗೆ ಬಿಲ್ಲಿನ ಹಾಗೆ ಬಾಗಿತು, ಇಳಿಸಿದ ಕೂಡಲೇ ನೆಟ್ಟಗಾಯಿತು. ಅವತ್ತು ಶೆಡ್ಡಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದರು.

ಆ ಹೊತ್ತಿಗೆ ಹಾರುವ ಆಸೆ ನನ್ನನ್ನು ಪೂರಾ ಹಿಡಿದುಬಿಟ್ಟಿತ್ತು. ಅವ್ವನನ್ನು ನೋಡಲು ರಾಂಪುರದ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಹದ್ದುಗಳನ್ನೇ ನೋಡುತ್ತಿದ್ದೆ. ರೆಕ್ಕೆ ಬಡಿಯದೆ, ಸುಮ್ಮನೆ ಸುತ್ತುತ್ತ ಸುತ್ತುತ್ತ ಏರಿಬಿಡುತ್ತವೆ. ನೆಲದಿಂದ ಏಳುವ ಬಿಸಿಗಾಳಿ ಅವನ್ನು ಎತ್ತುತ್ತದೆ, ನಮ್ಮದನ್ನೂ ಅದೇ ಎತ್ತುತ್ತದೆ ಎಂದು ಕಿರಣ್‌ಕುಮಾರ್ ಹೇಳಿದ್ದರು. ಒಂದೇ ಒಂದು ಸಲ ನಾನೂ ಹಾಗೆ ಮೇಲೆ ಹೋಗಬೇಕು. ಕೇಳಲು ನಾಚಿಕೆ. ಹಾರಿಸುವವರ ಹಿಂದೆ ಒಂದು ಸೀಟು ಇದ್ದೇ ಇರುತ್ತದಲ್ಲ, ಆಗ ಕೇಳಿದರಾಯಿತು ಎಂದುಕೊಂಡಿದ್ದೆ.

ಹಾರಿಸುವವಳು ಶೃತಿ ಎಂಬ ಹುಡುಗಿ, ಪುಣೆಯಲ್ಲಿದ್ದಳು. ಸೀಟು ಅವಳ ಮೈಗೆ ಸರಿಯಾಗಿ ಕೂರಬೇಕು, ಅದರ ಸುತ್ತ ಒಂದು ಬೆರಳೂ ಜಾಗ ದಂಡವಾಗಬಾರದು. ಅವಳಿಗೆ ರಜೆ ಸಿಗಲಿಲ್ಲ.

"ಅವ್ರೂ ನಿಮ್ಮಷ್ಟೇ ಎತ್ರ ಅಕ್ಕ. ನೀವೇ ಮಲಗ್ರಿ, ಅಚ್ಚು ತಗೊಂತೀನಿ" ಅಂದರು ಕಿರಣ್‌ಕುಮಾರ್.

ಕಲಸಿದ ಪ್ಲಾಸ್ಟರಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನನ್ನನ್ನು ಅರ್ಧ ಮಲಗಿಸಿದರು. ಅಲ್ಲಾಡುವ ಹಾಗಿಲ್ಲ. ಇದೇ ಸಮಯವೆಂದು ಕೇಳಿಯೇಬಿಟ್ಟೆ.

"ಇನ್ನೊಂದು ಸೀಟು ಯಾವಾಗ ಮಾಡೋದು ಸಾರ್?"

"ಇನ್ನೊಂದಾ? ಇದು ಒಬ್ರೇ ಕೂರೋದಲ್ವೇನಕ್ಕ!"

ಎದ್ದು ಹೋಗೋಣವೆಂದರೆ ಬೆನ್ನು ಪ್ಲಾಸ್ಟರಿನಲ್ಲಿ ಹೂತಿದೆ. ಕಣ್ಣೀರು ಇಳಿದು ಕಿವಿ ತುಂಬಿತು.

"ಪ್ಲಾಸ್ಟರ್ ಬಿಸಿ ಆತೇನಕ್ಕ?"

"ಹೂಂ ಸಾರ್, ಬಿಸಿ ಆತು" ಅಂದೆ.

ಅಚ್ಚಿನಲ್ಲಿ ನನ್ನ ಬೆನ್ನು, ಹೆಗಲು ಎಲ್ಲ ಬಂದವು. ತಲೆ ಇಡುವ ಕಡೆ ಒಂದು ಗುಳಿಯೂ ಬಂತು, ನನ್ನ ತುರುಬಿನದು. ಪರಗಂಡಸರ ಮುಂದೆ ತಲೆ ಬಿಚ್ಚುವುದು ನಮ್ಮಲ್ಲಿಲ್ಲ. ಬಿಚ್ಚು ಎನ್ನಲು ಅವರಿಗೂ ಬಾಯಿ ಬಂದಿರಲಿಲ್ಲ. ಸೀಟು ಹಾಗೆಯೇ ತಯಾರಾಯಿತು. ಅದರ ಸುತ್ತ ವಿಮಾನದ ಒಡಲು, ಮೇಲಿನ ಗಾಜಿನ ಮುಚ್ಚಳ ಎಲ್ಲವೂ ಎದ್ದವು. ಸಂಜೆ ಎಲ್ಲರೂ ಹೋದ ಮೇಲೆ ಒಂದೊಂದು ಸಲ ನಾನು ಅದರಲ್ಲಿ ಮಲಗುತ್ತಿದ್ದೆ. ತುರುಬು ಗುಳಿಯಲ್ಲಿ ಕೂತರೆ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಕಾಣುತ್ತಿದ್ದುದು ಮಾತ್ರ ಶೆಡ್ಡಿನ ತಗಡು.

ಕೊನೆಗೆ ಶೃತಿ ಬಂದಳು. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು. ಸೀಟಿನಲ್ಲಿ ಕೂತವಳೇ ತಲೆ ಹಿಂದಕ್ಕೆ ವಾಲಿ "ಅಯ್ಯೋ" ಅಂದಳು.

"ಅಕ್ಕ, ಇಲ್ಲಿ ತಲೆಗೆ ಆಸರೆಯೇ ಇಲ್ಲವಲ್ಲ. ಏನಿದು ಗುಂಡಿ?"

ಕಾರಣ ತಿಳಿದು ಎಲ್ಲರೂ ನಕ್ಕರು. ನಾನೂ ನಕ್ಕೆ. "ಥರ್ಮಾಕೋಲ್ ತುಂಬಿ ಮೇಲೆ ಎರಡು ಪದರ ಬಟ್ಟೆ ಹಾಕಿ ಮುಚ್ಚಿಬಿಡ್ರಿ ಅಕ್ಕ" ಅಂದರು ಕಿರಣ್‌ಕುಮಾರ್.

ಅಷ್ಟು ದೊಡ್ಡ ವಿಮಾನದಲ್ಲಿ ನನ್ನದೆಂದು ಇದ್ದುದು ಹಿಡಿಯಷ್ಟು ಗುಳಿ. ಅದನ್ನೂ ನನ್ನ ಕೈಯಿಂದಲೇ ಮುಚ್ಚಿಸುತ್ತಿದ್ದಾರೆ! ಥರ್ಮಾಕೋಲ್ ತುಂಡನ್ನು ಎಸೆದು ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ಮುಖಮಾಡಿ ತಲೆ ಬಿಚ್ಚಿದೆ. ತುರುಬು ದಪ್ಪವಾಗಲೆಂದು ಸೇರಿಸಿಕೊಳ್ಳುವ ಚೌರಿಯನ್ನು ತೆಗೆದೆ. ನಾನು ಹುಡುಗಿಯಾಗಿದ್ದಾಗ ಬಾಚಣಿಗೆಗೆ ಬಂದ ಕೂದಲನ್ನೆಲ್ಲ ಅವ್ವ ಗೋಡೆಗೂಡಿನಲ್ಲಿ ಕೂಡಿಟ್ಟು, ಮದುವೆಗೆ ಕಟ್ಟಿಸಿಕೊಟ್ಟ ಚೌರಿ. ಸುತ್ತಿ ಗುಳಿಯಲ್ಲಿಟ್ಟರೆ ಅಳತೆ ಹಿಡಿದ ಹಾಗೆ ಕೂತಿತು. ಕೂರದೆ ಏನು, ಗುಳಿ ಆಗಿದ್ದೇ ಅದರಿಂದ. ಅಂಟು ಸವರಿ ಮೇಲೆ ಬಟ್ಟೆ ಹಾಸಿ ನುಣ್ಣಗೆ ತಿಕ್ಕಿಬಿಟ್ಟೆ.

ಒಣಗಿದ ಮೇಲೆ ಕಿರಣ್‌ಕುಮಾರ್ ಸೀಟನ್ನು ಬಿಚ್ಚಿ ತೆಗೆದು ತಕ್ಕಡಿಗೆ ಇಟ್ಟರು. ಹುಬ್ಬು ಗಂಟಿಕ್ಕಿತು.

"ಜಾಸ್ತಿ ಐತಲ್ಲ ಅಕ್ಕ."

ಅವರು ತಕ್ಕಡಿ ನೋಡಿದರು, ಸಣ್ಣಗಾಗಿದ್ದ ನನ್ನ ತುರುಬು ನೋಡಿದರು.

"ಕೆರೆದು ತೆಗೀಲಾ ಸಾರ್?"

ಒಂದು ಚಮಚ ಅಂಟಿಗೆ ಹಾರಾಡುತ್ತಿದ್ದ ಮನುಷ್ಯ ಸೀಟನ್ನು ತಕ್ಕಡಿಯಿಂದ ಇಳಿಸಿದರು.

"ಬ್ಯಾಡ. ಇರ್ಲಿ ಬಿಡ್ರಿ" ಅಂದರು.

ಮೊದಲ ಹಾರಾಟ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ. ಅಲ್ಲಿ ದನ ಮೇಯಿಸುವ ನನ್ನ ಗಂಡ ಕ್ಯಾತಣ್ಣ ಹಿಂಡನ್ನು ಪಕ್ಕಕ್ಕೆ ಹೊಡೆದು ಜಾಗ ಬಿಡಿಸಿದ. ಅತ್ತೆ ಬೋರಕ್ಕನೂ ನೋಡಲು ಬಂದಿದ್ದರು. ಜೀಪು ಉದ್ದದ ಹಗ್ಗ ಕಟ್ಟಿ ಎಳೆಯಿತು, ಬಿಳಿ ವಿಮಾನ ನೆಲ ಬಿಟ್ಟಿತು, ಹಗ್ಗ ಕಳಚಿ ಬಿತ್ತು. ಇನ್ನೇನು ಇಳಿದೇಬಿಡುತ್ತದೆ ಅನ್ನುವಷ್ಟರಲ್ಲಿ ಶೃತಿ ಅದನ್ನು ಹದ್ದೊಂದು ಸುತ್ತುತ್ತಿದ್ದ ಕಡೆಗೆ ತಿರುಗಿಸಿದಳು. ಅದೂ ಸುತ್ತತೊಡಗಿತು. ಸುತ್ತುತ್ತ ಏರಿತು.

ಅತ್ತೆ ಪಕ್ಕದಲ್ಲಿ ನನ್ನ ತಲೆಯನ್ನೇ ನೋಡುತ್ತಿದ್ದರು.

"ಏನೇ ನಾಗಿ, ತುರುಬು ಇಷ್ಟಾಗೈತೆ? ಚೌರಿ ಎಲ್ಲೇ?"

"ಮ್ಯಾಲೈತೆ ಅತ್ತೆ."

ಅವರು ನನ್ನ ಮುಖ ನೋಡಿದರು. ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. ಏನು ತಿಳಿಯಿತೋ, ಬೈಯಲಿಲ್ಲ.

"ಹಂಗಾರೆ ಅದು ಇಳಿಯೋತಂಕ ಸೆರಗಾದ್ರೂ ಹೊದ್ಕ."

ಸೆರಗು ಹೊದ್ದುಕೊಂಡೆ. ಕತ್ತು ನೋಯುತ್ತಿತ್ತು, ಆದರೂ ಅದು ಇಳಿಯುವುದು ನನಗೆ ಬೇಕಿರಲಿಲ್ಲ.